ಆಹಾರ ಅಲರ್ಜಿಯ ರಕ್ತ ಪರೀಕ್ಷೆ: ರಿಪೋರ್ಟ್ ಕೈಗೆ ಬಂದ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ನನ್ನದೊಂದು ಮಕ್ಕಳ ಕ್ಲಿನಿಕ್. ಅಲರ್ಜಿಯ ರಕ್ತ ಪರೀಕ್ಷೆ ಇಲ್ಲಿ ಆಗುವುದಿಲ್ಲ. ಇಲ್ಲಿ ತೆಗೆದ ರಕ್ತ ಮಂಗಳೂರಿಗೋ ಬೆಂಗಳೂರಿಗೋ ಹೋಗಿ, ಕೆಲವು ದಿನ ಬಿಟ್ಟು ಪಿಡಿಎಫ್ ಆಗಿ ಅಪ್ಪನ ಮೊಬೈಲಿಗೆ ಬರುತ್ತದೆ. ಬಂದ ರಾತ್ರಿಯೇ ಮನೆಮಂದಿ ಸೇರಿ ಓದುತ್ತಾರೆ, ಕೆಂಪಕ್ಷರ ಕಂಡು ಗಾಬರಿಯಾಗುತ್ತಾರೆ, ಬೆಳಿಗ್ಗೆ ಮಗುವಿಗೆ ದೋಸೆ ಕೊಡದೆ ನನ್ನಲ್ಲಿಗೆ ಕರೆತರುತ್ತಾರೆ. ಅವರು ಕೇಳುವ ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಬರೆದಿದ್ದೇನೆ. ಉತ್ತರ ನನ್ನದು. ನಿಮ್ಮ ಮಗುವನ್ನು ನೋಡಿದ ಡಾಕ್ಟರು ಬೇರೆ ಹೇಳಿದರೆ ಅವರ ಮಾತು ಕೇಳಿ. ಅವರು ಮಗುವನ್ನು ನೋಡಿದ್ದಾರೆ, ನಾನು ನೋಡಿಲ್ಲ.

ರಿಪೋರ್ಟಿನಲ್ಲಿ ಪಾಸಿಟಿವ್ ಅಂತ ಉಂಟು. ಅಂದರೆ ಅಲರ್ಜಿ ಉಂಟು ಅಂತಲೇ ಅಲ್ವಾ?

ಅಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಪರೀಕ್ಷೆ ಹುಡುಕುವುದು ಐಜಿಇ ಎಂಬ ಪ್ರತಿಕಾಯವನ್ನು. ಜಪಾನಿನ ಇಶಿಝಾಕಾ ದಂಪತಿ 1966ರಲ್ಲಿ ಇದನ್ನು ಗುರುತಿಸಿದರು. ನಮ್ಮ ದೇಹ ಯಾವುದೋ ಆಹಾರದ ಪ್ರೋಟೀನನ್ನು ಪರಕೀಯ ಎಂದು ಗುರುತು ಹಾಕಿಕೊಂಡಾಗ ಆ ಪ್ರೋಟೀನಿಗೇ ಸರಿಹೊಂದುವ ಐಜಿಇ ತಯಾರಾಗುತ್ತದೆ. ಚರ್ಮದಲ್ಲಿ, ಮೂಗಿನಲ್ಲಿ, ಕರುಳಿನಲ್ಲಿ ಇರುವ ಮಾಸ್ಟ್ ಕೋಶಗಳ ಮೇಲೆ ಅದು ಹೋಗಿ ಕೂರುತ್ತದೆ. ಮುಂದೆ ಅದೇ ಆಹಾರ ಬಂದಾಗ ಆ ಕೋಶಗಳು ಒಡೆದು ಹಿಸ್ಟಮಿನ್ ಚೆಲ್ಲಿದರೆ ತುರಿಕೆ, ಪಿತ್ತದ ಗಂಧೆ, ಬಾವು, ವಾಂತಿ, ಉಬ್ಬಸ. ಇದು ಅಲರ್ಜಿ. ಆದರೆ ಐಜಿಇ ಇದ್ದೂ ಕೋಶಗಳು ಒಡೆಯದೆ ಸುಮ್ಮನಿರುವವರೇ ಹೆಚ್ಚು. ಅದಕ್ಕೆ ಸೆನ್ಸಿಟೈಸೇಶನ್ ಎನ್ನುತ್ತಾರೆ. ದೇಹಕ್ಕೆ ಗುರುತು ಸಿಕ್ಕಿದೆ, ಜಗಳ ಶುರುವಾಗಿಲ್ಲ.

ಇದಕ್ಕೆ ದೂರದ ಉದಾಹರಣೆ ಬೇಡ. ಗಡಿಯಾಚೆ ಕರ್ನಾಟಕದಲ್ಲೇ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ, ಯೂರೋಪ್ರಿವಾಲ್ ಎಂಬ ದೊಡ್ಡ ಯೋಜನೆಯ ಭಾಗ. ಅದರಲ್ಲಿ ಏನಾದರೊಂದು ಆಹಾರಕ್ಕೆ ಐಜಿಇ ಇದ್ದವರು ನೂರಕ್ಕೆ 26ಕ್ಕಿಂತ ಸ್ವಲ್ಪ ಹೆಚ್ಚು. ನಿಜವಾಗಿ ಆಹಾರ ಅಲರ್ಜಿ ಇರುವಂತೆ ಕಂಡವರು ನೂರಕ್ಕೆ 1.2. ಅಂದರೆ ದಾರಿಯಲ್ಲಿ ಹೋಗುವ ನೂರು ಜನರನ್ನು ನಿಲ್ಲಿಸಿ ರಕ್ತ ತೆಗೆದರೆ ಇಪ್ಪತ್ತೈದು ಜನರಾದರೂ ಪಾಸಿಟಿವ್ ರಿಪೋರ್ಟ್ ಹಿಡಿದು ಹೆದರಿಕೊಂಡು ಮನೆಗೆ ಹೋಗುತ್ತಾರೆ. ಹೆದರಬೇಕಾದವರು ಅವರಲ್ಲಿ ಒಬ್ಬಿಬ್ಬರು ಮಾತ್ರ.

ಹಾಗಾದರೆ ಈ ಪರೀಕ್ಷೆ ಮಾಡಿಸುವುದೇ ದಂಡವಾ?

ದಂಡವಲ್ಲ, ಕ್ರಮ ತಪ್ಪಿದರೆ ದಂಡ. ಮೊದಲು ಕತೆ ಬೇಕು: ಏನು ತಿಂದ, ಎಷ್ಟು ತಿಂದ, ಎಷ್ಟು ಹೊತ್ತಿನಲ್ಲಿ ಏನಾಯಿತು, ಮುಂಚೆ ತಿಂದಾಗ ಏನಾಗಿತ್ತು. ಐಜಿಇ ಅಲರ್ಜಿ ಸಾಮಾನ್ಯವಾಗಿ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ, ತಿಂದಾಗಲೆಲ್ಲ ಮರುಕಳಿಸುತ್ತದೆ. ಕತೆ ಕೇಳಿದ ಮೇಲೆ ಸಂಶಯ ಬಂದ ಒಂದೆರಡು ಪದಾರ್ಥಕ್ಕೆ ಮಾತ್ರ ರಕ್ತ ಪರೀಕ್ಷೆ ಮಾಡಿಸಿದರೆ ಅದು ನಿಜವಾಗಿಯೂ ಉಪಕಾರಕ್ಕೆ ಬರುತ್ತದೆ. ಗೇರುಬೀಜ ತಿಂದ ಹತ್ತು ನಿಮಿಷಕ್ಕೆ ತುಟಿ ಊದಿತು, ಗೇರುಬೀಜದ ಐಜಿಇ 9 ಬಂತು ಎಂದಾದರೆ ನನಗೆ ಹೆಚ್ಚೇನೂ ಯೋಚಿಸಲಿಕ್ಕಿಲ್ಲ.

ನಲವತ್ತು ಪದಾರ್ಥದ ಪ್ಯಾನೆಲ್ ಮಾಡಿಸಿದ್ದೇವೆ. ಹದಿಮೂರು ಪಾಸಿಟಿವ್. ಇನ್ನು ಎಂತ ತಿನ್ನುವುದು?

ಕೆಲವು ವರ್ಷದ ಹಿಂದೆ ಒಬ್ಬರು ತಾಯಿ ಆರು ವರ್ಷದ ಹುಡುಗನನ್ನು ಕರೆತಂದಿದ್ದರು. ಕೈಯಲ್ಲಿ ಮೂರು ಪುಟದ ರಿಪೋರ್ಟ್, ಪಾಸಿಟಿವ್ ಬಂದ ಪ್ರತಿಯೊಂದರ ಎದುರೂ ಪೆನ್ನಿನಲ್ಲಿ ಅಡ್ಡಗೆರೆ. ಹಾಲು, ಗೋಧಿ, ಉದ್ದು, ಕಡಲೆ, ತೆಂಗಿನಕಾಯಿ, ಬಾಳೆಹಣ್ಣು, ಬದನೆ, ಸಿಗಡಿ... ಐದು ತಿಂಗಳಿಂದ ಹುಡುಗ ಕುಚ್ಚಲಕ್ಕಿ ಗಂಜಿ, ಉಪ್ಪು, ಬೇಯಿಸಿದ ಸೌತೆಕಾಯಿ ತಿನ್ನುತ್ತಿದ್ದ. ಎರಡು ಕಿಲೋ ಇಳಿದಿದ್ದ. ಪರೀಕ್ಷೆ ಮಾಡಿಸಿದ್ದು ಯಾಕೆ ಎಂದು ಕೇಳಿದೆ. “ಇವನಿಗೆ ಯಾವಾಗಲೂ ಶೀತ ಡಾಕ್ಟ್ರೇ, ಮೂಗು ಸೋರುವುದು ನಿಲ್ಲುವುದೇ ಇಲ್ಲ.” ತಿಂದು ಏನಾದರೂ ಆದದ್ದುಂಟಾ ಎಂದೆ. ಆಕೆ ತುಂಬ ಹೊತ್ತು ಯೋಚಿಸಿ, “ಇಲ್ಲ, ಹಾಗೆ ಎಂತದೂ ಆಗಿಲ್ಲ” ಎಂದರು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಮಗುವಿನ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು ನನಗೆ ತೋರಿಸಿದರು. ಬೇರೆ ಮಾತಾಡಲಿಲ್ಲ.

ಹದಿಮೂರರಲ್ಲಿ ಹನ್ನೆರಡು ಪದಾರ್ಥವನ್ನು ಆ ಹುಡುಗ ಪರೀಕ್ಷೆಯ ಹಿಂದಿನ ದಿನದವರೆಗೂ ತಿಂದು ಚೆನ್ನಾಗಿದ್ದವನು. ಹದಿಮೂರನೆಯದು ಹೇಝಲ್‌ನಟ್, ಆ ಮನೆಯಲ್ಲಿ ಯಾರೂ ಅದನ್ನು ಕಣ್ಣಿಂದಲೂ ನೋಡಿರಲಿಲ್ಲ. ತಿಂದು ಏನೂ ಆಗದ ಪದಾರ್ಥ ಪಾಸಿಟಿವ್ ಬಂದರೆ ತಿನ್ನುವುದನ್ನು ಮುಂದುವರಿಸಿ. ನಾಲಿಗೆಯ ಪರೀಕ್ಷೆ ಆಗಲೇ ಮುಗಿದಿದೆ.

ಎಲ್ಲರ ತಪ್ಪನ್ನೂ ಹೇಳುತ್ತಾ ನನ್ನದನ್ನು ಮುಚ್ಚಿಡಬಾರದು. ಕ್ಲಿನಿಕ್ ಶುರುಮಾಡಿದ ಹೊಸದರಲ್ಲಿ ನಾನೂ ಇಂಥದೇ ಪ್ಯಾನೆಲ್ ನೋಡಿ ಒಂದು ಹೆಣ್ಣು ಮಗುವಿಗೆ ಎರಡು ವರ್ಷ ಮೊಟ್ಟೆ ಬಿಡಿಸಿದ್ದೆ. ಅವಳು ನೆಂಟರ ಮನೆಯಲ್ಲಿ ಕದ್ದು ಆಮ್ಲೆಟ್ ತಿಂದು ಆರಾಮಾಗಿದ್ದಾಳೆ ಎಂದು ಗೊತ್ತಾದಾಗ ನನಗೆ ನಾಚಿಕೆಯಾಯಿತು.

ರಿಪೋರ್ಟಿನ ಅಂಕಿಗಳನ್ನು ಓದುವುದು ಹೇಗೆ?

ಮೊದಲ ಕಾಲಂನಲ್ಲಿ ಪದಾರ್ಥದ ಹೆಸರು, ಕೆಲವು ಕಡೆ ಕೋಡ್ ಕೂಡ ಇರುತ್ತದೆ. ಎಫ್ ಎಂದರೆ ಫುಡ್. ಎಫ್1 ಮೊಟ್ಟೆಯ ಬಿಳಿ, ಎಫ್2 ಹಾಲು, ಎಫ್4 ಗೋಧಿ, ಎಫ್13 ನೆಲಗಡಲೆ, ಎಫ್24 ಸಿಗಡಿ, ಎಫ್36 ತೆಂಗಿನಕಾಯಿ, ಎಫ್202 ಗೇರುಬೀಜ. ಎಫ್3 ಎಂದಿದ್ದರೆ ಕಾಡ್ ಮೀನು. ಅದು ತಣ್ಣೀರಿನ ಸಮುದ್ರದ ಮೀನು, ನಮ್ಮ ಮೀನು ಮಾರ್ಕೆಟಿನಲ್ಲಿ ಕಾಣಸಿಗುವುದಿಲ್ಲ. ಆದರೂ ಅದನ್ನು ಪರೀಕ್ಷಿಸುತ್ತಾರೆ, ಯಾಕೆಂದರೆ ಹೆಚ್ಚಿನ ಮೀನುಗಳಲ್ಲಿ ಅಲರ್ಜಿ ತರುವ ಪಾರ್ವಾಲ್ಬುಮಿನ್ ಎಂಬ ಪ್ರೋಟೀನ್ ಒಂದನ್ನೊಂದು ಹೋಲುತ್ತದೆ. ಎಫ್‌ಎಕ್ಸ್5 ಎಂದಿದ್ದರೆ ಅದು ಮೊಟ್ಟೆ, ಹಾಲು, ಕಾಡ್, ಗೋಧಿ, ನೆಲಗಡಲೆ, ಸೋಯಾ ಆರನ್ನೂ ಕಲಸಿ ಮಾಡಿದ ಒಂದೇ ಪರೀಕ್ಷೆ. ಅದು ಪಾಸಿಟಿವ್ ಬಂದರೆ ಆರರಲ್ಲಿ ಯಾವುದೆಂದು ಗೊತ್ತಾಗುವುದಿಲ್ಲ.

ಮುಂದಿನ ಕಾಲಂನಲ್ಲಿ ಅಂಕಿ, ಒಂದು ಲೀಟರಿಗೆ ಎಷ್ಟು ಕಿಲೋ ಯೂನಿಟ್ ಎಂಬ ಲೆಕ್ಕ. ಹಳೆಯ ಗಡಿರೇಖೆ 0.35. ಈಗಿನ ಯಂತ್ರಗಳು 0.1ರವರೆಗೂ ಅಳೆಯುವುದರಿಂದ 0.18ರಂಥ ಅಂಕಿಗಳೂ ರಿಪೋರ್ಟಿನಲ್ಲಿ ಬಂದು ಕೂರುತ್ತವೆ. ಕತೆಯೇ ಇಲ್ಲದ 0.18ಕ್ಕೆ ನಾನು ಬೆಲೆ ಕೊಡುವುದಿಲ್ಲ. ಕತೆ ಬಲವಾಗಿದ್ದರೆ, ಅದರಲ್ಲೂ ಚಿಕ್ಕ ಮಗುವಾದರೆ, ಅದನ್ನೂ ಪಕ್ಕಕ್ಕಿಡುವುದಿಲ್ಲ.

ಕೊನೆಯ ಕಾಲಂ ಕ್ಲಾಸ್. 0.35ರಿಂದ 0.7 ಒಂದನೆಯದು, 3.5ರವರೆಗೆ ಎರಡು, 17.5ರವರೆಗೆ ಮೂರು, 50ರವರೆಗೆ ನಾಲ್ಕು, 100ರವರೆಗೆ ಐದು, ಅದಕ್ಕೂ ಮೇಲೆ ಆರು. ಇದು ಬರೀ ಪಟ್ಟಿ ಮಾಡುವ ಅನುಕೂಲಕ್ಕೆ. ಶಾಲೆಯ ಕ್ಲಾಸಿನ ಹಾಗೆ ಮೇಲೆ ಹೋದಷ್ಟೂ ದೊಡ್ಡ ಕಾಯಿಲೆ ಎಂದಲ್ಲ. 3.6ಕ್ಕೂ 17ಕ್ಕೂ ಒಂದೇ ಕ್ಲಾಸ್. ಹಾಗಾಗಿ ಕ್ಲಾಸ್ ಬಿಡಿ, ಅಂಕಿ ನೋಡಿ.

ಅಂಕಿ ಹೆಚ್ಚಿದ್ದಷ್ಟೂ ಅಲರ್ಜಿ ಜೋರು ಅಂತಲಾ?

ಅಂಕಿ ಹೆಚ್ಚಾದಷ್ಟೂ ಅಲರ್ಜಿ ನಿಜವಾಗಿ ಇರುವ ಸಾಧ್ಯತೆ ಹೆಚ್ಚು. ಬಂದರೆ ಎಷ್ಟು ಜೋರಾಗಿ ಬರುತ್ತದೆ ಎಂಬುದನ್ನು ಅಂಕಿ ಹೇಳುವುದಿಲ್ಲ. ಅಂಕಿ 1 ಇದ್ದವರಿಗೆ ಉಸಿರು ಕಟ್ಟಿದ್ದುಂಟು, 60 ಇದ್ದವರಿಗೆ ಬಾಯಿ ತುರಿಸಿ ಅಷ್ಟಕ್ಕೇ ನಿಂತದ್ದೂ ಉಂಟು.

ಸಾಧ್ಯತೆಯ ಬಗ್ಗೆ ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಲೆಕ್ಕವೊಂದನ್ನು ಇಂದಿಗೂ ಬಳಸುತ್ತಾರೆ. ಮಕ್ಕಳಲ್ಲಿ ಮೊಟ್ಟೆಗೆ 7, ಹಾಲಿಗೆ 15, ನೆಲಗಡಲೆಗೆ 14, ಮೀನಿಗೆ 20 ದಾಟಿದರೆ ಅಲರ್ಜಿ ಇರುವ ಸಾಧ್ಯತೆ ನೂರಕ್ಕೆ ಸುಮಾರು 95 ಅಥವಾ ಅದಕ್ಕೂ ಹೆಚ್ಚು. ಎರಡು ವರ್ಷದೊಳಗಿನ ಕೂಸುಗಳಿಗೆ ಇದಕ್ಕಿಂತ ಕಡಿಮೆ ಅಂಕಿಯೇ ಸಾಕು. ಆದರೆ ಅದು ಅಲ್ಲಿನ ದೊಡ್ಡ ಅಲರ್ಜಿ ಕ್ಲಿನಿಕ್ಕಿಗೆ ಬಂದ ಮಕ್ಕಳ ಲೆಕ್ಕ. ಶೀತಕ್ಕೆಂದು ಬಂದು ಪ್ಯಾನೆಲ್ ಮಾಡಿಸಿಕೊಂಡ ನಮ್ಮ ಮಗುವಿಗೆ ಅದನ್ನು ಹಾಗೆಯೇ ಅಂಟಿಸಲಿಕ್ಕೆ ಆಗುವುದಿಲ್ಲ.

ಟೋಟಲ್ ಐಜಿಇ 1,200 ಉಂಟು. ಇದು ತುಂಬಾ ಅಲ್ವಾ?

ಹೆಚ್ಚೇ. ಆದರೆ ಅದು ಆಹಾರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಇಸುಬು ಇದ್ದರೆ, ಉಬ್ಬಸ ಇದ್ದರೆ, ಹೊಟ್ಟೆಯಲ್ಲಿ ಹುಳ ಇದ್ದರೆ ಟೋಟಲ್ ಏರುತ್ತದೆ. ಟೋಟಲ್ ತುಂಬ ಹೆಚ್ಚಿದ್ದಾಗ ಪಟ್ಟಿಯಲ್ಲಿರುವ ಹತ್ತಾರು ಪದಾರ್ಥಗಳು ಸಣ್ಣ ಸಣ್ಣ ಅಂಕಿಯಲ್ಲಿ ಪಾಸಿಟಿವ್ ತೋರಿಸುವುದೂ ಉಂಟು. ಇಸುಬಿನ ಮಕ್ಕಳ ರಿಪೋರ್ಟ್ ಉದ್ದಕ್ಕೆ ಕೆಂಪಾಗುವುದು ಹೆಚ್ಚಾಗಿ ಹೀಗೆಯೇ.

ಸಿಗಡಿ 2.8 ಬಂದಿದೆ. ಇವನು ವಾರಕ್ಕೊಮ್ಮೆ ಎಟ್ಟಿ (ಸಿಗಡಿ) ಚಟ್ನಿ ತಿನ್ನುತ್ತಾನೆ, ಏನೂ ಆಗಿಲ್ಲವಲ್ಲ?

ಹಾಸಿಗೆ ತಲೆದಿಂಬಿನ ಧೂಳಿನಲ್ಲಿ ಕಣ್ಣಿಗೆ ಕಾಣದ ನುಸಿಗಳಿರುತ್ತವೆ. ಮಳೆಗಾಲದ ತೇವ, ಬಿಸಿಲು ಕಾಣದ ಹಾಸಿಗೆ, ಇವೆರಡೂ ಅವಕ್ಕೆ ಬಹಳ ಪ್ರಿಯ. ಕರಾವಳಿಯಲ್ಲಿ ಅವಕ್ಕೆ ಬರಗಾಲವೇ ಇಲ್ಲ. ಆ ನುಸಿಯ ಮೈಯಲ್ಲಿರುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನಿಗೂ ಸಿಗಡಿ, ಏಡಿ, ಜಿರಳೆಗಳಲ್ಲಿರುವ ಅದೇ ಹೆಸರಿನ ಪ್ರೋಟೀನಿಗೂ ಹತ್ತಿರದ ಹೋಲಿಕೆ. ಧೂಳಿಗೆ ಸೀನುವ ಹುಡುಗನ ರಕ್ತದಲ್ಲಿ ನುಸಿಗೆಂದು ಹುಟ್ಟಿದ ಐಜಿಇ, ಲ್ಯಾಬಿನಲ್ಲಿ ಸಿಗಡಿಗೂ ಹೋಗಿ ಅಂಟಿಕೊಳ್ಳುತ್ತದೆ. ಅಂಟಿದ ಮಾತ್ರಕ್ಕೆ ಸಿಗಡಿ ತಿಂದರೆ ತೊಂದರೆಯಾಗಬೇಕೆಂದಿಲ್ಲ.

ನಿಮ್ಮ ಹುಡುಗ ಎಟ್ಟಿ ತಿನ್ನಲಿ, ತಲೆದಿಂಬು ಬಿಸಿಲಿಗೆ ಹಾಕಿ. ಆದರೆ ಸಿಗಡಿ ತಿಂದು ಮೈಮೇಲೆ ಗಂಧೆ ಎದ್ದಿದ್ದರೆ ಇದೇ 2.8ರ ಅರ್ಥವೇ ಬೇರೆ. ಆಗ ಸಿಗಡಿ, ಏಡಿ ಎರಡನ್ನೂ ಬಿಟ್ಟು ಬನ್ನಿ. ಕಲ್ಲುಮ್ಮಕ್ಕಾಯಿ, ಮರುವಾಯಿಯಂಥ ಚಿಪ್ಪುಮೀನಿನ ವಿಷಯ ಕೂತು ಮಾತಾಡೋಣ.

ಬಂಗುಡೆ ತಿಂದು ಮುಖ ಕೆಂಪಾಯಿತು, ಮೈಯೆಲ್ಲ ತುರಿಕೆ. ರಕ್ತ ಪರೀಕ್ಷೆಯಲ್ಲಿ ಮೀನು ನೆಗೆಟಿವ್. ಲ್ಯಾಬಿನವರು ತಪ್ಪಿದರಾ?

ಬಹುಶಃ ಲ್ಯಾಬ್ ಸರಿ, ಮೀನು ಹಾಳು.

ಬಂಗುಡೆ, ಭೂತಾಯಿ, ಕೇದರದಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಹಿಡಿದ ಮೇಲೆ ಐಸ್ ಕಾಣದೆ ಬಿಸಿಲಲ್ಲಿ ಬಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಆಗಿ ಬದಲಾಯಿಸುತ್ತವೆ. ನಮ್ಮ ದೇಹ ಅಲರ್ಜಿಯಲ್ಲಿ ಚೆಲ್ಲುವ ಅದೇ ಹಿಸ್ಟಮಿನ್ ಇಲ್ಲಿ ತಟ್ಟೆಯಲ್ಲೇ ಸಿದ್ಧವಾಗಿ ಬರುತ್ತದೆ. ಲಕ್ಷಣವೂ ಹಾಗಾಗಿ ಒಂದೇ: ಮುಖ ಕೆಂಪು, ಬಿಸಿ, ತಲೆನೋವು, ತುರಿಕೆ, ಎದೆ ಬಡಿತ, ಕೆಲವೊಮ್ಮೆ ಭೇದಿ. ಎಷ್ಟು ಕುದಿಸಿದರೂ, ಹುರಿದರೂ ಹಿಸ್ಟಮಿನ್ ಹೋಗುವುದಿಲ್ಲ. ಮೀನು ನೋಡಲಿಕ್ಕೆ, ಮೂಸಲಿಕ್ಕೆ ಸರಿಯಾಗಿಯೇ ಇರಬಹುದು. ತಿಂದವರು ಕೆಲವೊಮ್ಮೆ “ಸ್ವಲ್ಪ ಖಾರ ಹೊಡೆದ ಹಾಗಿತ್ತು, ನಾಲಿಗೆ ಚುರುಕ್ ಅಂತು” ಎನ್ನುತ್ತಾರೆ.

ಪತ್ತೆಗೆ ನಾನು ಎರಡು ವಿಷಯ ಕೇಳುತ್ತೇನೆ. ಅದೇ ಸಾರು ತಿಂದ ಬೇರೆಯವರಿಗೂ ಏನಾದರೂ ಆಯಿತಾ? ಇದೇ ಮನುಷ್ಯ ಹೋದ ವಾರ ಬಂಗುಡೆ ತಿಂದು ಚೆನ್ನಾಗಿದ್ದನಾ? ಎರಡಕ್ಕೂ ಹೌದು ಎಂದಾದರೆ ಅಲರ್ಜಿಯ ಮಾತು ಅಲ್ಲಿಗೆ ಬಿಡಬಹುದು. ಇನ್ನು ಜನ್ಮವಿಡೀ ಮೀನು ಬಿಡಬೇಕಾಗಿಲ್ಲ, ಐಸಿನಲ್ಲಿಟ್ಟ ಮೀನು ತಂದರೆ ಸಾಕು. ಮೀನು ತಿನ್ನುವ ಊರಿನಲ್ಲಿ ಮೀನು ಅಲರ್ಜಿ ಎಂದು ಹಣೆಪಟ್ಟಿ ಹಚ್ಚಿಸಿಕೊಂಡು ವರ್ಷಗಟ್ಟಲೆ ಸಾರಿನ ಬರೀ ರಸ ಉಣ್ಣುವವರನ್ನು ನೋಡಿದ್ದೇನೆ. ರಸದಲ್ಲಿಯೂ ಮೀನಿನ ಪ್ರೋಟೀನ್ ಇರುತ್ತದೆ. ಅಲರ್ಜಿ ನಿಜವಾಗಿದ್ದರೆ ಆ ರಸವೂ ಅವರಿಗೆ ಆಗುತ್ತಿರಲಿಲ್ಲ.

ಗೇರುಬೀಜ ಅಲರ್ಜಿ ಅಂತ ಖಚಿತವಾಯಿತು. ತೆಂಗಿನಕಾಯಿಯನ್ನೂ ಬಿಡಬೇಕಾ?

ಈ ಪ್ರಶ್ನೆ ಕೇಳುವಾಗ ಜನರ ಧ್ವನಿಯೇ ನಡುಗುತ್ತದೆ. ತೆಂಗು, ಅಡಿಕೆಯಂಥ ತೋಟದ ಬೆಳೆಗಳ ಸಂಶೋಧನೆಯ ಕೇಂದ್ರ ಸಂಸ್ಥೆ ಇರುವ ಜಿಲ್ಲೆ ಇದು. ಕಾಯಿ ಹಾಕದೆ ಇಲ್ಲಿ ಒಂದು ಪದಾರ್ಥ ಆಗುವುದಿಲ್ಲ.

ಬಿಡಬೇಕಾಗಿಲ್ಲ. ತೆಂಗಿನಕಾಯಿ ಗೇರುಬೀಜದ ನೆಂಟನಲ್ಲ, ಅದರ ಅಲರ್ಜಿ ಅಪರೂಪ. ಗೊಂದಲ ಹುಟ್ಟಿದ್ದು ಅಮೆರಿಕದಿಂದ. ಅಲ್ಲಿನ ಆಹಾರ ನಿಯಂತ್ರಣ ಇಲಾಖೆ ಅದನ್ನು ಬಹಳ ವರ್ಷ ಬಾದಾಮಿ, ಗೋಡಂಬಿಗಳ ಪಟ್ಟಿಯಲ್ಲೇ ಇಟ್ಟಿತ್ತು. 2025ರ ಜನವರಿಯಲ್ಲಿ ಕೈಬಿಟ್ಟಿತು. ಇಂಟರ್‌ನೆಟ್ಟಿನಲ್ಲಿ ಹಳೆಯ ಪಟ್ಟಿಗಳು ಇನ್ನೂ ತಿರುಗುತ್ತಿವೆ.

ಗೇರುಬೀಜದ ನಿಜವಾದ ನೆಂಟ ಪಿಸ್ತಾ. ಒಂದೇ ಕುಟುಂಬದ ಮರಗಳು, ಪ್ರೋಟೀನೂ ಬಹುಪಾಲು ಒಂದೇ. ಗೇರುಬೀಜ ಆಗದವರು ಪಿಸ್ತಾವನ್ನೂ ಬಿಡಬೇಕು. ಗಲ್ಫಿನಿಂದ ಬರುವ ಪೆಟ್ಟಿಗೆಗಳಲ್ಲಿ ಪಿಸ್ತಾ ಸಿಹಿತಿಂಡಿ ಇಲ್ಲದೆ ಇರುವುದಿಲ್ಲ, ಎಚ್ಚರ. ಮದುವೆ ಊಟದಲ್ಲಿ ಪಾಯಸದ ಮೇಲೆ ತೇಲುವ ಗೇರುಬೀಜ ಕಣ್ಣಿಗೆ ಕಾಣುತ್ತದೆ. ಕುರ್ಮಾದಲ್ಲಿ ಅರೆದು ಹಾಕಿದ್ದು ಕಾಣುವುದಿಲ್ಲ. ಬಡಿಸುವವರನ್ನು ಕೇಳಿ ಪ್ರಯೋಜನವಿಲ್ಲ, ಅಡುಗೆಯವರನ್ನೇ ಕೇಳಿ. ಗೇರುಬೀಜದಲ್ಲಿ ಆನಾ ಒ 3 ಎಂಬ ಒಂದು ಪ್ರೋಟೀನಿಗೆ ಪ್ರತ್ಯೇಕ ಪರೀಕ್ಷೆ ಇದೆ. ಇಡೀ ಬೀಜದ ಅಂಕಿ ನೋಡಿ ಸಂಶಯ ಉಳಿದರೆ ಇದು ಸಾಕಷ್ಟು ಬಿಡಿಸಿ ಹೇಳುತ್ತದೆ.

ಗೇರುಬೀಜದ ಸೊನೆ ತಾಗಿ ಕೈ ಬೆಂದ ಹಾಗಾಗುತ್ತದೆ. ರಿಪೋರ್ಟಿನಲ್ಲಿ ಗೇರುಬೀಜ ಸೊನ್ನೆ!

ಸಹಜ. ಸಿಪ್ಪೆಯ ಎಣ್ಣೆಗೆ ಬರುವ ಗುಳ್ಳೆ ಐಜಿಇಯ ಕೆಲಸವಲ್ಲ, ಬೇರೆ ಜಾತಿಯ ಬಿಳಿ ರಕ್ತಕಣಗಳದ್ದು. ಒಂದೆರಡು ದಿನ ತಡವಾಗಿಯೂ ಬರುತ್ತದೆ. ಮಾವಿನ ಸೊನೆಯದೂ ಇದೇ ಜಾತಿ. ಐಜಿಇ ಪರೀಕ್ಷೆಗೆ ಇದು ಕಾಣುವುದೇ ಇಲ್ಲ. ಹುರಿದ, ಸುಲಿದ ಬೀಜವನ್ನು ಇಂಥವರು ಸಾಮಾನ್ಯವಾಗಿ ಆರಾಮಾಗಿ ತಿನ್ನುತ್ತಾರೆ.

ನಮ್ಮ ಅಜ್ಜಿ ಬದನೆ, ಬಂಗುಡೆ, ಸಿಗಡಿ ಎಲ್ಲ ನಂಜು ಅನ್ನುತ್ತಾರೆ. ನಂಜೂ ಅಲರ್ಜಿಯೂ ಒಂದೇಯಾ?

ಒಂದೇ ಅಲ್ಲ, ಆದರೆ ಅಜ್ಜಿಯ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನಂಜು ಎಂಬುದು ಗಾಯ ಆದವರಿಗೆ, ಬಾಣಂತಿಗೆ, ಕಜ್ಜಿ ಇರುವವರಿಗೆ ಹೇಳುವ ಪಥ್ಯದ ಮಾತು. ಅಲರ್ಜಿ ಒಬ್ಬನಿಗೆ ಒಂದು ಪದಾರ್ಥ, ನಂಜು ಎಲ್ಲರಿಗೂ ಒಂದೇ ಪಟ್ಟಿ. ಸಿಗಡಿ ಎರಡೂ ಪಟ್ಟಿಯಲ್ಲಿ ಇರುವುದು ಕಾಕತಾಳೀಯವೋ, ಅನುಭವವೋ ನೀವೇ ಯೋಚಿಸಿ. ರಕ್ತ ಪರೀಕ್ಷೆಯಲ್ಲಿ ನಂಜು ಅಳೆಯುವ ಕಾಲಂ ಇಲ್ಲ. ಎರಡನ್ನೂ ಕಲಸಿ ಮಗುವಿಗೆ ಎರಡು ಪಟ್ಟಿಯನ್ನೂ ಹೇರಬೇಡಿ.

ಪರೋಟ ತಿಂದು ಕಬಡ್ಡಿ ಆಡಲಿಕ್ಕೆ ಹೋದ. ಅರ್ಧದಲ್ಲಿ ಮೈಯೆಲ್ಲ ಗಂಧೆ ಎದ್ದು ಕುಸಿದು ಬಿದ್ದ. ಬೇರೆ ದಿನ ಪರೋಟ ತಿಂದರೆ ಏನೂ ಇಲ್ಲ!

ಇಂಥದ್ದನ್ನು ಹೃದಯದ ತೊಂದರೆ ಎಂದೋ, ಬಿಸಿಲಿಗೆ ತಲೆ ಸುತ್ತಿತು ಎಂದೋ ತಿಳಿದು ಬಿಟ್ಟುಬಿಡುವುದು ಸಾಮಾನ್ಯ. ಗೋಧಿ, ಮೈದಾ ತಿಂದು ಕೆಲವು ಗಂಟೆಯೊಳಗೆ ದೇಹ ದಂಡಿಸಿದರೆ ಮಾತ್ರ ಬರುವ ಅಲರ್ಜಿ ಇದು. ಎರಡರಲ್ಲಿ ಒಂದೇ ಇದ್ದರೆ ಬರುವುದಿಲ್ಲ. ನೋವಿನ ಮಾತ್ರೆ, ಮದ್ಯ ಕೂಡ ವ್ಯಾಯಾಮದ ಜಾಗದಲ್ಲಿ ಕಿಡಿ ಹಚ್ಚಬಲ್ಲವು. ಇದರಲ್ಲಿ ಸಾಮಾನ್ಯ ಗೋಧಿಯ ಐಜಿಇ ಕಡಿಮೆ ಬರಬಹುದು, ನೆಗೆಟಿವ್ ಕೂಡ ಬರಬಹುದು. ಕೇಳಿ ಮಾಡಿಸಬೇಕಾದ್ದು ಒಮೆಗಾ-5 ಗ್ಲಯಡಿನ್ ಎಂಬ ಪರೀಕ್ಷೆಯನ್ನು. ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ. ಹಾಲಿನ ಐಜಿಇ ನೆಗೆಟಿವ್.

ದೊಡ್ಡವರಲ್ಲಾದರೆ ಹೆಚ್ಚಾಗಿ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಜೀರ್ಣವಾಗದ ತೊಂದರೆ. ಅದು ಅಲರ್ಜಿಯಲ್ಲ, ಮೊಸರು ಮಜ್ಜಿಗೆ ಸಾಮಾನ್ಯವಾಗಿ ಆಗುತ್ತದೆ. ಗೋಧಿಯಿಂದ ದಿನವೂ ಹೊಟ್ಟೆ ಕೆಟ್ಟು ತೂಕ ಇಳಿಯುತ್ತಿದ್ದರೆ ಸೀಲಿಯಾಕ್ ಕಾಯಿಲೆಗೆ ಟಿಟಿಜಿ ಎಂಬ ಬೇರೆ ರಕ್ತ ಪರೀಕ್ಷೆ ಇದೆ. ಅದನ್ನು ಮಾಡಿಸುವ ಮೊದಲು ಗೋಧಿ ಬಿಡಬಾರದು; ಬಿಟ್ಟರೆ ಕಾಯಿಲೆ ಇದ್ದೂ ನೆಗೆಟಿವ್ ಬರುತ್ತದೆ.

ಇನ್ನೂರು ಆಹಾರಕ್ಕೆ ಐಜಿಜಿ ಪರೀಕ್ಷೆ ಅಂತ ಜಾಹೀರಾತು ನೋಡಿದೆ. ಮಾಡಿಸಬಹುದಾ?

ಬೇಡ. ಐಜಿಜಿ ಐಜಿಇಯಲ್ಲ, ಬೇರೊಂದು ಪ್ರತಿಕಾಯ. ಅದು ಇದ್ದರೆ ನೀವು ಆ ಆಹಾರ ತಿಂದಿದ್ದೀರಿ, ದೇಹಕ್ಕೆ ಪರಿಚಯವಿದೆ ಎಂದಷ್ಟೇ. ಹೆಚ್ಚು ತಿನ್ನುವುದಕ್ಕೆ ಹೆಚ್ಚು ಐಜಿಜಿ. ಹಾಗಾಗಿ ನಿಮಗಿಷ್ಟವಾದದ್ದೇ ಎಲ್ಲ ಕೆಂಪಾಗಿ ಬರುತ್ತದೆ. ಯೂರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲೇ ಆಹಾರ ಅಲರ್ಜಿಗೆ ಇದನ್ನು ಬಳಸಬೇಡಿ ಎಂದು ಹೇಳಿತು. ಕೂದಲು ಕಳಿಸಿ ಮಾಡಿಸುವ ಪರೀಕ್ಷೆಯಂತೂ ಅಷ್ಟೂ ಇಲ್ಲ. ಆ ದುಡ್ಡಿಗೆ ಒಳ್ಳೆಯ ಅಂಜಲ್ ಮೀನು ತನ್ನಿ.

ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಾ? ತುರಿಕೆಯ ಮಾತ್ರೆ ನಿಲ್ಲಿಸಬೇಕಾ?

ಎರಡೂ ಬೇಡ. ಮಾತ್ರೆ ನಿಲ್ಲಿಸಬೇಕಾದ್ದು ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಗೆ, ಅದೂ ಸುಮಾರು ಒಂದು ವಾರ. ಕೂಸಿಗೂ ರಕ್ತ ಪರೀಕ್ಷೆ ಮಾಡಬಹುದು.

ಎಂಡೋಸಲ್ಫಾನ್‌ನಿಂದ ಹೀಗಾದದ್ದಾ?

ಈ ಜಿಲ್ಲೆಯಲ್ಲಿ ಈ ಪ್ರಶ್ನೆ ಬಾರದೆ ಇರುವುದಿಲ್ಲ, ಬರುವುದು ನ್ಯಾಯವೂ ಹೌದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ಕೀಟನಾಶಕ ಸುರಿದದ್ದನ್ನು ನೋಡಿದವರು ಇನ್ನೂ ಇದ್ದಾರೆ. ಆದರೆ ಐಜಿಇ ಪರೀಕ್ಷೆ ಕೀಟನಾಶಕವನ್ನು ಅಳೆಯುವುದಿಲ್ಲ. ಪಾಸಿಟಿವ್ ಬಂದರೂ ನೆಗೆಟಿವ್ ಬಂದರೂ ಅದರಿಂದ ಎಂಡೋಸಲ್ಫಾನ್ ಬಗ್ಗೆ ಏನೂ ಹೇಳಲಿಕ್ಕಾಗುವುದಿಲ್ಲ.

ಸುಮ್ಮನೆ ಯಾಕೆ ರಿಸ್ಕ್? ಪಾಸಿಟಿವ್ ಬಂದದ್ದನ್ನೆಲ್ಲ ಬಿಟ್ಟರೆ ಆಗದಾ?

ಬಿಡುವುದರಲ್ಲೇ ರಿಸ್ಕ್ ಇದೆ. ತಿನ್ನುತ್ತಾ ಇದ್ದದ್ದನ್ನು, ಅದರಲ್ಲೂ ಇಸುಬಿನ ಮಗುವಿಗೆ, ತಿಂಗಳುಗಟ್ಟಲೆ ಬಿಡಿಸಿದರೆ ದೇಹ ಆ ಹೊಂದಾಣಿಕೆಯನ್ನೇ ಮರೆಯಬಹುದು. ಮತ್ತೆ ಕೊಟ್ಟಾಗ ನಿಜವಾದ ಅಲರ್ಜಿ ಎದ್ದ ಪ್ರಕರಣಗಳಿವೆ. ಬ್ರಿಟನ್ನಿನಲ್ಲಿ 640 ಕೂಸುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ ನೆಲಗಡಲೆಯನ್ನು ಎಳವೆಯಲ್ಲೇ ತಿನ್ನಿಸಿದ ಮಕ್ಕಳಿಗಿಂತ ದೂರವಿಟ್ಟ ಮಕ್ಕಳಲ್ಲೇ ಅಲರ್ಜಿ ಎಷ್ಟೋ ಪಾಲು ಹೆಚ್ಚಾಗಿತ್ತು. ನೆಲಗಡಲೆ ಪಾಸಿಟಿವ್ ಎಂದು ಉದ್ದು, ಹೆಸರು, ತೊಗರಿ ಬಿಡುವವರಿಗೂ ಇದೇ ಮಾತು. ಬೇಳೆಗಳ ಪ್ರೋಟೀನ್ ಪರಸ್ಪರ ಹೋಲುವುದರಿಂದ ರಕ್ತದಲ್ಲಿ ಎಲ್ಲವೂ ಒಟ್ಟಿಗೆ ಪಾಸಿಟಿವ್ ಬರುವುದು ಮಾಮೂಲು. ಮಗು ದೋಸೆ ತಿಂದು ಚೆನ್ನಾಗಿದ್ದರೆ ದೋಸೆ ಹುಯ್ಯಿರಿ.

ಮೊಟ್ಟೆ ಅಲರ್ಜಿ ಉಂಟು, ಆದರೆ ಬೇಕರಿಯ ಕೇಕ್ ತಿಂದರೆ ಏನೂ ಆಗುವುದಿಲ್ಲ. ಹೇಗೆ?

ಮೊಟ್ಟೆಯ ಒಂದು ಪ್ರೋಟೀನ್ ಓವಾಲ್ಬುಮಿನ್ ಒಲೆಯ ಬಿಸಿಗೆ ಆಕಾರ ಕಳೆದುಕೊಳ್ಳುತ್ತದೆ. ಓವೋಮ್ಯುಕಾಯ್ಡ್ ಎಂಬ ಇನ್ನೊಂದು ಬಿಸಿಗೂ ಜಗ್ಗುವುದಿಲ್ಲ. ಎರಡನೆಯದಕ್ಕೆ ಐಜಿಇ ಕಡಿಮೆ ಇದ್ದರೆ ಕೇಕ್ ಆಗುವ ಸಾಧ್ಯತೆ ಹೆಚ್ಚು. ಹಾಲಿನಲ್ಲಿ ಕೇಸೀನ್ ಇಂಥದೇ ಗಟ್ಟಿ ಆಸಾಮಿ. ಈಗಾಗಲೇ ಕೇಕ್ ತಿಂದು ಆರಾಮಾಗಿರುವ ಮಗುವಿಗೆ ಕೇಕ್ ನಿಲ್ಲಿಸಬೇಡಿ, ಆದರೆ ಆಮ್ಲೆಟ್ಟಿಗೆ ಮನೆಯಲ್ಲೇ ಪ್ರಯೋಗ ಮಾಡಬೇಡಿ.

ಹಾಲು, ಮೊಟ್ಟೆಯ ಅಲರ್ಜಿ ಬಹುಪಾಲು ಮಕ್ಕಳಿಗೆ ಬೆಳೆಯುತ್ತಾ ಹೋಗುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಅದೇ ಲ್ಯಾಬಿನಲ್ಲಿ, ಅದೇ ವಿಧಾನದಲ್ಲಿ ಪರೀಕ್ಷೆ ಮಾಡಿಸಿ. ಬೇರೆ ಬೇರೆ ವಿಧಾನದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಏರಿತು ಇಳಿಯಿತು ಎನ್ನಲಾಗುವುದಿಲ್ಲ. ಗೇರುಬೀಜ, ಸಿಗಡಿ, ಮೀನಿನ ಅಲರ್ಜಿ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಕೊನೆಗೆ ಖಚಿತ ಮಾಡುವುದು ಯಾವ ಪರೀಕ್ಷೆಯಿಂದ?

ತಿನ್ನಿಸಿ ನೋಡುವುದರಿಂದ. ಆಸ್ಪತ್ರೆಯಲ್ಲಿ, ಜೋರಾದ ಅಲರ್ಜಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ತುಂಬಿಟ್ಟುಕೊಂಡು, ಚಿಟಿಕೆಯಿಂದ ಶುರುಮಾಡಿ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಹೆಚ್ಚಿಸುತ್ತಾ ಹೋಗಿ, ಕೊನೆಯ ತುತ್ತಿನ ಮೇಲೆ ಎರಡು ಗಂಟೆಯಾದರೂ ಕಾದು ನೋಡುತ್ತಾರೆ. ಅರ್ಧ ದಿನದ ಕೆಲಸ. ಮಗುವಿಗೆ ಬೇಸರ ಕಳೆಯಲು ಏನಾದರೂ ಆಟಿಕೆ ಒಯ್ಯಿರಿ.

ಉಸಿರಾಟಕ್ಕೆ ತೊಂದರೆಯಾದರೆ ಮಂಗಳೂರಿಗೇ ಓಡುವುದಾ?

ಮೊದಲು ಹತ್ತಿರದ ಆಸ್ಪತ್ರೆಗೆ, ಅದು ಎಷ್ಟು ಚಿಕ್ಕದಿದ್ದರೂ. ಇಲ್ಲಿ ಬೇಕಾದ್ದು ಅಡ್ರಿನಲಿನ್ ಇಂಜೆಕ್ಷನ್: ಪ್ರತಿ ಕಿಲೋ ತೂಕಕ್ಕೆ 0.01 ಮಿಲಿಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ. ಅದು ಸಣ್ಣ ಆಸ್ಪತ್ರೆಯಲ್ಲೂ ಇರುತ್ತದೆ. ಕಾಸರಗೋಡಿನಿಂದ ಮಂಗಳೂರು 50 ಕಿಲೋಮೀಟರ್, ನಡುವೆ ಹೆದ್ದಾರಿಯ ಗದ್ದಲ. 2020ರ ಕೊರೊನಾ ಕಾಲದಲ್ಲಿ ಕರ್ನಾಟಕ ತಲಪಾಡಿ ಗಡಿ ಮುಚ್ಚಿ ರೋಗಿಗಳ ವಾಹನಗಳನ್ನೂ ತಡೆದಾಗ ಏನಾಯಿತೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ದಾರಿಯಲ್ಲಿ ಮಗುವನ್ನು ಮಲಗಿಸಿ ಕಾಲು ಎತ್ತರಿಸಿ. ಉಬ್ಬಸ ಇದ್ದರೆ ಕೂರಿಸಿ. ಎಬ್ಬಿಸಿ ನಡೆಸಬೇಡಿ. ತುರಿಕೆಯ ಸಿರಪ್ ಕೊಟ್ಟು ಕಾಯುತ್ತಾ ಕೂರಬೇಡಿ, ಅದರಿಂದ ಉಸಿರು ತೆರೆಯುವುದಿಲ್ಲ. ಗಂಧೆ ಜೊತೆಗೆ ವಾಂತಿ, ಕೆಮ್ಮು, ಧ್ವನಿ ಬದಲಾಗುವುದು, ತೂಕಡಿಕೆ ಇವುಗಳಲ್ಲಿ ಯಾವುದಾದರೂ ಕಂಡರೆ ಹೊರಡಿ.

ಪ್ಯಾಕೆಟ್ ತಿಂಡಿ ಕೊಳ್ಳುವಾಗ?

ಭಾರತದ 2020ರ ಲೇಬಲ್ ನಿಯಮದಂತೆ ಗ್ಲುಟೆನ್ ಇರುವ ಧಾನ್ಯ, ಸಿಗಡಿ ಏಡಿ ಜಾತಿ, ಹಾಲು, ಮೊಟ್ಟೆ, ಮೀನು, ನೆಲಗಡಲೆ ಮತ್ತು ಗೋಡಂಬಿ ಬಾದಾಮಿ ಜಾತಿಯ ಬೀಜಗಳು, ಸೋಯಾ ಇದ್ದರೆ ಅಲರ್ಜಿ ಸೂಚನೆಯಲ್ಲಿ ಬರೆಯಬೇಕು. ಎಳ್ಳು, ಕಡಲೆ ಈ ಪಟ್ಟಿಯಲ್ಲಿಲ್ಲ. ಎಳ್ಳು ಆಗದವರು ಪದಾರ್ಥಗಳ ಸಣ್ಣಕ್ಷರವನ್ನು ಪೂರ್ತಿ ಓದಬೇಕು. ಬೇಕರಿಯ ಬಿಡಿ ತಿಂಡಿಗೆ ಲೇಬಲ್ಲೇ ಇರುವುದಿಲ್ಲ.

ನಿಮ್ಮಲ್ಲಿಗೆ ಬರುವಾಗ ರಿಪೋರ್ಟಿನ ಜೊತೆ ಎಂತ ತರಬೇಕು?

ಗಂಧೆ ಎದ್ದಾಗ ತೆಗೆದ ಫೋಟೋ, ಸಮಯ ಕಾಣುವ ಹಾಗೆ. ತಿಂದ ಪ್ಯಾಕೆಟ್ಟಿನ ಕಾಗದ. ಕೊಟ್ಟ ಔಷಧದ ಚೀಟಿ. ಮಗು ಮುಂಚೆ ಆ ಪದಾರ್ಥವನ್ನು ಯಾವಾಗ ತಿಂದಿತ್ತು ಎಂಬ ನೆನಪು. ಅದು ಸಾಮಾನ್ಯವಾಗಿ ಅಜ್ಜಿಗಿರುತ್ತದೆ, ಅವರನ್ನೂ ಕರೆದುಕೊಂಡು ಬನ್ನಿ. ಮೀನಾದರೆ ಎಷ್ಟು ಹೊತ್ತಿಗೆ ತಂದದ್ದು, ಐಸಿನಲ್ಲಿತ್ತಾ, ತಂದ ಮೇಲೆ ಎಷ್ಟು ಹೊತ್ತು ಹೊರಗಿತ್ತು ಎಂದು ಮೀನು ತಂದವರನ್ನೇ ಕೇಳಿ ಬರೆದುಕೊಂಡು ಬನ್ನಿ.